ಮೈಸೂರಿನ ಮಕ್ಕಳಿಗೆ ರಜಾದಿನದ ತಾಣಗಳನ್ನು ಕೈಗೆಟುಕುವಂತೆ ಮಾಡಲು ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಮೈಸೂರು.

ಇವರಿಂದ,
ನಗರದ ಹೊರವರ್ತುಲ ರಸ್ತೆಗೆ ಹೊಂದಿಕೊಂಡ ಬಡಾವಣೆಗಳ ನಿವಾಸಿಗಳು ಮತ್ತು ಪೋಷಕರು.

ವಿಷಯ: ಮಕ್ಕಳೊಂದಿಗೆ ಕುಟುಂಬದವರು ರಜಾದಿನ ಕಳೆಯಬಹುದಾದ ಸ್ಥಳಗಳ ಮಾಹಿತಿ, ಬಸ್ ಸಂಪರ್ಕ, ಕನಿಷ್ಠ ಸೌಕರ್ಯ ಹಾಗೂ ವಾರ್ಡ್ ಮಟ್ಟದ ಚಟುವಟಿಕೆಗಳನ್ನು ಒದಗಿಸುವ ಬಗ್ಗೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವ ನಾವು ಕಾರ್ಖಾನೆ ಕೆಲಸಗಾರರು, ಶಿಕ್ಷಕರು, ಸಣ್ಣ ವ್ಯಾಪಾರಿಗಳು, ಮನೆಗೆಲಸದವರು ಮತ್ತು ನಿವೃತ್ತರು. ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಕೆಲವರ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ವಾರಪೂರ್ತಿ ದುಡಿದ ಮೇಲೆ ಸಿಗುವ ಒಂದು ಭಾನುವಾರದಲ್ಲಿ ಮಗು "ಇವತ್ತು ಎಲ್ಲಿಗೆ ಹೋಗೋಣ" ಎಂದು ಕೇಳಿದರೆ ನಮ್ಮ ಬಳಿ ಹೇಳಲು ಏನೂ ಇರುವುದಿಲ್ಲ. ಕೊನೆಗೆ ಮಾಲ್‌ನಲ್ಲಿ ಒಂದು ಸುತ್ತು, ಇಲ್ಲವೇ ಮನೆಯಲ್ಲೇ ಮೊಬೈಲ್. ದೇಶದ ಮೂಲೆಮೂಲೆಯಿಂದ ಜನ ಮಕ್ಕಳನ್ನು ಕಟ್ಟಿಕೊಂಡು ನೋಡಲು ಬರುವ ಊರಿನಲ್ಲಿ ವಾಸವಾಗಿದ್ದೂ ನಮ್ಮ ಮಕ್ಕಳಿಗೆ ಹೀಗಾಗುತ್ತಿರುವುದು ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಮೈಸೂರಿನಲ್ಲಿ ಮಕ್ಕಳಿಗೆ ಏನೂ ಇಲ್ಲ ಎಂಬುದು ನಮ್ಮ ದೂರಲ್ಲ. 1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯ ಇಲ್ಲಿದೆ. ಅದಕ್ಕೆ ಅಂಟಿಕೊಂಡೇ ಕಾರಂಜಿ ಕೆರೆಯಿದೆ. ಅಲ್ಲಿ ಮಕ್ಕಳು ಒಳಹೊಕ್ಕು ನಡೆದಾಡಬಹುದಾದ ಪಕ್ಷಿಮನೆಯೂ ಚಿಟ್ಟೆಗಳ ಉದ್ಯಾನವೂ ಇವೆ. ಅದೇ ಕೆರೆಯ ದಡದಲ್ಲಿ 1995ರಿಂದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ ನಡೆಯುತ್ತಿದೆ. ರೈಲು ನಿಲ್ದಾಣದ ಬಳಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದಲ್ಲಿ ಹಬೆ ಎಂಜಿನ್ನಿನ ಪಕ್ಕ ನಿಂತ ಮಗುವಿನ ಮುಖವನ್ನು ಒಮ್ಮೆ ನೋಡಿದವರು ಮರೆಯಲಾರರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಬರಿಗಣ್ಣಿನಿಂದಲೇ ತೋರಿಸಬಹುದು. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಲ್ಲಿ ತೊಗಲುಬೊಂಬೆ, ಯಕ್ಷಗಾನದ ವೇಷ, ಹಳ್ಳಿಮನೆಯ ಪಾತ್ರೆಪಡಗಗಳಿವೆ. ಅಜ್ಜಿಯರು ಹೇಳುವ ಕಾಲವನ್ನು ಮಕ್ಕಳು ಅಲ್ಲಿ ಕಣ್ಣಾರೆ ಕಾಣಬಹುದು. ನಮ್ಮ ಬಡಾವಣೆಗಳಲ್ಲಿ ವಿಚಾರಿಸಿದಾಗ, ಈ ಕೊನೆಯ ಸ್ಥಳದ ಹೆಸರನ್ನು ಕೇಳಿಯೇ ಇರದ ಮನೆಗಳು ಒಂದೆರಡಲ್ಲ.

ಇವುಗಳಲ್ಲಿ ಯಾವುದೂ ಪಾಲಿಕೆಯ ಅಧೀನದಲ್ಲಿಲ್ಲ ಎಂಬುದನ್ನು ನಾವು ಬಲ್ಲೆವು. ಮೃಗಾಲಯವೂ ಕಾರಂಜಿ ಕೆರೆಯೂ ಮೃಗಾಲಯ ಪ್ರಾಧಿಕಾರಕ್ಕೆ, ಕುಕ್ಕರಹಳ್ಳಿ ಕೆರೆ ಮತ್ತು ಜಾನಪದ ವಸ್ತುಸಂಗ್ರಹಾಲಯ ವಿಶ್ವವಿದ್ಯಾನಿಲಯಕ್ಕೆ, ರೈಲು ವಸ್ತುಸಂಗ್ರಹಾಲಯ ರೈಲ್ವೆಗೆ, ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ ಕೇಂದ್ರದ ಪರಿಸರ ಸಚಿವಾಲಯಕ್ಕೆ ಸೇರಿವೆ. ಒಂದೊಂದರ ಒಡೆತನ ಒಬ್ಬೊಬ್ಬರದಾದ್ದರಿಂದಲೇ ಇವೆಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲದಂತಾಗಿದೆ. ಆದರೆ ಮನೆಯಿಂದ ಅಲ್ಲಿಯವರೆಗೆ ಮಗು ನಡೆಯುವುದು ಪಾಲಿಕೆಯ ಪಾದಚಾರಿ ಮಾರ್ಗದಲ್ಲಿ. ದಾರಿಯಲ್ಲಿ ಅದಕ್ಕೆ ಬೇಕಾಗುವ ಶೌಚಾಲಯವೂ ನೆರಳಿನ ಮರವೂ ಪಾಲಿಕೆಯವು. ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ ಹನ್ನೆರಡನೇ ಅನುಸೂಚಿಯು ಉದ್ಯಾನ, ಆಟದ ಮೈದಾನಗಳಂಥ ಸೌಕರ್ಯಗಳನ್ನೂ ಸಾಂಸ್ಕೃತಿಕ ಹಾಗೂ ಶೈಕ್ಷಣಿಕ ಸಂಗತಿಗಳ ಉತ್ತೇಜನವನ್ನೂ ನಗರಾಡಳಿತಗಳ ಕಾರ್ಯಗಳ ಪಟ್ಟಿಯಲ್ಲಿ ಹೆಸರಿಸಿದೆ. ಇವೆಲ್ಲವನ್ನೂ ಬೆಸೆಯುವ ಕೆಲಸವನ್ನು ಕೈಗೆತ್ತಿಕೊಳ್ಳಲು ತಮಗಿಂತ ಹತ್ತಿರದ ಸಂಸ್ಥೆ ಬೇರೆ ಕಾಣದೆ ತಮ್ಮ ಬಳಿಗೆ ಬಂದಿದ್ದೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಆರು ಮನೆಯವರು ಸೇರಿ ಮಕ್ಕಳನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆವು. ಎರಡು ಬಸ್ ಬದಲಾಯಿಸಿ, ಬುತ್ತಿ ಕಟ್ಟಿಕೊಂಡು, ಬಿಸಿಲೇರುವ ಹೊತ್ತಿಗೆ ಅಲ್ಲಿಗೆ ತಲುಪಿದಾಗ ಬಾಗಿಲು ಮುಚ್ಚಿತ್ತು. ಆ ದಿನ ಅದಕ್ಕೆ ವಾರದ ರಜೆ. ಐದು ವರ್ಷದ ಹುಡುಗಿಯೊಬ್ಬಳು ಗೇಟಿನ ಸರಳುಗಳ ನಡುವೆ ಇಣುಕಿ ನೋಡಿದ್ದು ನಮ್ಮ ಕಣ್ಣಮುಂದೆ ಹಾಗೇ ಉಳಿದಿದೆ. ತಪ್ಪು ಅಲ್ಲಿಯವರದಲ್ಲ, ನಾವು ವಿಚಾರಿಸಿಕೊಂಡು ಹೋಗಬೇಕಿತ್ತು. ಆದರೆ ವಿಚಾರಿಸುವುದು ಎಲ್ಲಿ? ಮೃಗಾಲಯಕ್ಕೆ ಮಂಗಳವಾರ ರಜೆಯೆಂಬುದು ಊರಿಗೆಲ್ಲ ಗೊತ್ತು. ಉಳಿದವುಗಳ ರಜೆ, ಸಮಯ, ಪ್ರವೇಶ ದರ, ಮಕ್ಕಳಿಗಿರುವ ರಿಯಾಯಿತಿಗಳನ್ನು ಕನ್ನಡದಲ್ಲಿ ಒಂದೇ ಕಡೆ ಓದಲು ಸಿಗುವಂತೆ ನಾವು ಎಲ್ಲೂ ಕಂಡಿಲ್ಲ.

ಆದ್ದರಿಂದ ನಮ್ಮ ಮೊದಲ ಕೋರಿಕೆ ಬಹಳ ಖರ್ಚಿನದಲ್ಲ. ಪ್ರತಿ ತಿಂಗಳೂ ಒಂದು ಹಾಳೆಯ 'ಮಕ್ಕಳ ತಿಂಗಳ ಪಟ್ಟಿ'ಯನ್ನು ಪಾಲಿಕೆ ಹೊರತರಬೇಕು. ಆ ತಿಂಗಳ ಭಾನುವಾರ ಮತ್ತು ರಜಾದಿನಗಳಲ್ಲಿ ಎಲ್ಲೆಲ್ಲಿ ಏನೇನಿದೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ದರವೆಷ್ಟು, ಯಾವ ಬಸ್ ಹಿಡಿಯಬೇಕು, ಗಾಲಿಕುರ್ಚಿ ಹೋಗಲು ದಾರಿಯಿದೆಯೇ, ಎಳೆಮಗುವಿಗೆ ಹಾಲೂಡಿಸಲು ಜಾಗವಿದೆಯೇ ಎಂಬಷ್ಟು ವಿವರ ಅದರಲ್ಲಿದ್ದರೆ ಸಾಕು. ಇದನ್ನು ಅಂಗನವಾಡಿ, ಸರ್ಕಾರಿ ಶಾಲೆ, ವಾರ್ಡ್ ಕಚೇರಿ, ಗ್ರಂಥಾಲಯ ಮತ್ತು ಬಸ್ ತಂಗುದಾಣಗಳಲ್ಲಿ ಅಂಟಿಸಬೇಕು. ವಾಟ್ಸ್ಆ್ಯಪ್‌ನಲ್ಲೂ ಹಂಚಬಹುದು, ಆದರೆ ಗೋಡೆಯ ಮೇಲಿನ ಹಾಳೆಯನ್ನು ಬಿಡಬಾರದು, ಏಕೆಂದರೆ ಮಗುವನ್ನು ಅಂಗನವಾಡಿಗೆ ಬಿಡಲು ಬರುವ ಅಜ್ಜಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲೇಬೇಕೆಂದಿಲ್ಲ. ದುಡ್ಡು ಬೇಡದ ಸಂತೋಷಗಳಿಗೆ ಅದರಲ್ಲಿ ಮೊದಲ ಜಾಗ ಸಿಗಬೇಕೆಂಬುದು ನಮ್ಮ ಆಸೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯವರೆಗೆ ಹೋಗಿಬರುವುದು, ಭಾನುವಾರ ಸಂಜೆ ಅರಮನೆಯ ದೀಪ ಹತ್ತುವ ಕ್ಷಣಕ್ಕಾಗಿ ಹೊರಗೆ ನಿಂತು ಕಾಯುವುದು, ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ.

ಎರಡನೆಯದು ಬಸ್ಸಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ತಾಯಿ, ಅಜ್ಜಿ, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಹೆಚ್ಚೆಂದರೆ ಗಂಡುಮಗುವಿನ ಅರ್ಧ ಟಿಕೆಟ್ ಕೊಂಡರಾಯಿತು. ಹೀಗಾಗಿ ನಮಗೆ ಈಗ ಅಡ್ಡಿಯಾಗಿರುವುದು ದರವಲ್ಲ, ವೇಳೆ. ನಮ್ಮ ಬಡಾವಣೆಗಳಿಂದ ಹೊರಟ ಬಸ್ಸು ನಗರ ಬಸ್ ನಿಲ್ದಾಣಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಬಸ್ಸಿಗೆ ಕಾಯಬೇಕು. ನಿದ್ದೆಗೆ ಜಾರಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂತಿರುಗುವಾಗ ಈ ಕಾಯುವಿಕೆಯ ಕಷ್ಟ ತಿಳಿಯುತ್ತದೆ. ರೈಲು ವಸ್ತುಸಂಗ್ರಹಾಲಯ, ಮಾನಸಗಂಗೋತ್ರಿ, ಕುಕ್ಕರಹಳ್ಳಿ ಕೆರೆ, ಅರಮನೆ, ಮೃಗಾಲಯ, ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಗಳನ್ನು ಸುತ್ತಿ ಬರುವ ಒಂದು ಸಾಮಾನ್ಯ ಬಸ್ಸನ್ನು ಭಾನುವಾರಗಳಲ್ಲಾದರೂ, ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಓಡಿಸುವಂತೆ ಸಾರಿಗೆ ನಿಗಮದ ನಗರ ವಿಭಾಗದೊಂದಿಗೆ ತಾವು ಮಾತುಕತೆ ನಡೆಸಬೇಕೆಂದು ಕೋರುತ್ತೇವೆ. ಪ್ರವಾಸಿಗರಿಗಾಗಿ ಓಡುವ ವಿಶೇಷ ಬಸ್ಸುಗಳಿಂದ ನಮ್ಮ ಕೆಲಸವಾಗದು, ಏಕೆಂದರೆ ಅವುಗಳ ದರ ಐದಾರು ಜನರ ಕುಟುಂಬಕ್ಕೆ ಎಟುಕುವುದಿಲ್ಲ.

ಮೃಗಾಲಯದಿಂದ ಕಾರಂಜಿ ಕೆರೆಯ ದಡದ ವಸ್ತುಸಂಗ್ರಹಾಲಯದವರೆಗಿನ ರಸ್ತೆಯನ್ನು ಮಕ್ಕಳ ನಡಿಗೆಗೆ ಯೋಗ್ಯವಾಗಿಸಿದರೆ ಅದೊಂದೇ ಒಂದು ದಿನದ ಪ್ರವಾಸವಾಗುತ್ತದೆ. ಏರಿಳಿತವಿಲ್ಲದ ಪಾದಚಾರಿ ಮಾರ್ಗ, ಶಾಲೆಗಳ ಮುಂದಿರುವಂತೆ ರಸ್ತೆ ದಾಟಲು ಉಬ್ಬು ಮತ್ತು ಗುರುತು, ಕುಳಿತು ಬುತ್ತಿ ಬಿಚ್ಚಲು ಹೊಂಗೆ ಅಥವಾ ಬೇವಿನ ನೆರಳು, ಕುಡಿಯುವ ನೀರು, ಚಿಕ್ಕವರೂ ಬಳಸಬಹುದಾದ ಎತ್ತರದ ಶೌಚಾಲಯ, ಇಷ್ಟೇ ನಾವು ಕೇಳುವುದು. ಶೌಚಾಲಯದ ಮಾತನ್ನು ಒತ್ತಿ ಹೇಳುತ್ತೇವೆ: ಹೆಣ್ಣುಮಕ್ಕಳಿರುವ ಮನೆಯವರು ಹೊರಡುವ ಮೊದಲು ಯೋಚಿಸುವುದೇ ಇದನ್ನು, ಮತ್ತು ಎಷ್ಟೋ ಭಾನುವಾರ ಹೊರಡದೆ ಉಳಿಯುವುದೂ ಇದೇ ಕಾರಣಕ್ಕೆ.

ಇನ್ನು ದೂರ ಹೋಗಲಾಗದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಮಗುವಿಗೆ ಸಿಗಬೇಕಾದದ್ದು ಬೀದಿ ತುದಿಯ ಉದ್ಯಾನ. ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಚೆಂಡು ತಗುಲಿ ಹಿರಿಯರೊಬ್ಬರಿಗೆ ಪೆಟ್ಟಾದಾಗ, ಉದ್ಯಾನದಲ್ಲಿ ಆಟ ನಿಷೇಧಿಸುವಂತೆ ಕೇಳಿಕೊಂಡವರು ನಿವಾಸಿಗಳಾದ ನಾವೇ. ಈಗ ಅಲ್ಲಿ ವಾಯುವಿಹಾರದ ಹಾದಿ ಅಚ್ಚುಕಟ್ಟಾಗಿದೆ, ಮಕ್ಕಳು ಮಾತ್ರ ವಾಹನ ಓಡಾಡುವ ರಸ್ತೆಯಲ್ಲಿ ಆಡುತ್ತಿದ್ದಾರೆ. ಆ ಕೋರಿಕೆಯನ್ನು ನಾವು ಹಿಂತೆಗೆದುಕೊಳ್ಳುತ್ತಿದ್ದೇವೆ. ಉದ್ಯಾನದ ಒಂದು ಭಾಗವನ್ನು ಬೇಲಿ ಹಾಕಿ ಆಟಕ್ಕೆ ಬಿಡಬೇಕು. ಅಲ್ಲಿ ದುಬಾರಿ ಸಲಕರಣೆ ಬೇಡ. ಮರಳಿನ ಗುಂಡಿ, ಕುಂಟೆಬಿಲ್ಲೆ ಆಡಲು ಗಟ್ಟಿ ನೆಲ, ಲಗೋರಿಗೆ ಬಯಲು, ಹತ್ತಿ ಇಳಿಯಲು ಮರದ ದಿಮ್ಮಿ, ಜೋಕಾಲಿ ಇದ್ದರೆ ಸಾಕು. ಬಿಸಿಲಿಗೆ ಕಾಯ್ದು ಮುಟ್ಟಲಾಗದ ಕಬ್ಬಿಣದ ಜಾರುಬಂಡೆಗಿಂತ ಇವೇ ಮಕ್ಕಳಿಗೆ ಹೆಚ್ಚು ಇಷ್ಟ. ಅಂಗವಿಕಲ ಮಕ್ಕಳೂ ಜತೆಗೆ ಆಡುವಂತೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಆಶಯದಂತೆ, ಇಳಿಜಾರು ದಾರಿ ಮಾಡಿಸಬೇಕು. ಆಟದ ಜಾಗದ ಮೇಲ್ವಿಚಾರಣೆಗೆ ಸರದಿಯ ಮೇಲೆ ಬರಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ.

ನೀರಾಟದ ಬಗ್ಗೆಯೂ ಒಂದು ಮಾತು. ಬೇಸಿಗೆಯಲ್ಲಿ ನಮ್ಮ ಮನೆಗಳವರು ಬಲಮುರಿ, ಎಡಮುರಿಗಳ ಕಡೆಗೆ ಹೊರಡುತ್ತಾರೆ. ಕಾವೇರಿಯ ಆ ಹರಿವು ನೋಡಲು ಆಳವಿಲ್ಲದಂತೆ ಕಂಡರೂ ಅಲ್ಲಿ ಜೀವಗಳು ಹೋಗಿವೆ. ಆ ಸ್ಥಳ ಮಂಡ್ಯ ಜಿಲ್ಲೆಗೆ ಸೇರಿದ್ದು, ತಮ್ಮ ವ್ಯಾಪ್ತಿಯದಲ್ಲ. ಆದರೆ ನಗರದೊಳಗೆ ಒಂದು ಕಡೆಯಾದರೂ ಮೊಣಕಾಲುದ್ದದ, ಕಾವಲಿರುವ, ನೀರನ್ನು ಶುದ್ಧೀಕರಿಸಿ ಮರಳಿ ಬಳಸುವ ಮಕ್ಕಳ ಕೊಳವಿದ್ದರೆ ಎಷ್ಟೋ ತಂದೆತಾಯಿಯರು ಮಕ್ಕಳನ್ನು ಕಟ್ಟಿಕೊಂಡು ಹೊಳೆಗೆ ಇಳಿಯುವುದು ತಪ್ಪುತ್ತದೆ.

ರಂಗಾಯಣದ ಮಕ್ಕಳ ರಂಗಶಿಬಿರವಾದ ಚಿಣ್ಣರ ಮೇಳ ಬೇಸಿಗೆಯಲ್ಲಿ ಮೈಸೂರಿನ ಮಕ್ಕಳಿಗೆ ಸಿಕ್ಕಿರುವ ದೊಡ್ಡ ಭಾಗ್ಯ. ಅದರಲ್ಲಿ ಜಾಗ ಸೀಮಿತ. ದೂರದ ಬಡಾವಣೆಗಳಿಂದ ದಿನವೂ ಹೋಗಿಬರುವುದೂ ಕಷ್ಟ. ವಾರ್ಡಿನ ಸಮುದಾಯ ಭವನಗಳು ಮದುವೆಯಿಲ್ಲದ ದಿನಗಳಲ್ಲಿ ಖಾಲಿ ಇರುವುದರಿಂದ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಲ್ಲೇ ಹತ್ತು ದಿನಗಳ ಉಚಿತ ಶಿಬಿರಗಳನ್ನು ಏರ್ಪಡಿಸಬಹುದು. ಹಾಡು, ನಾಟಕ, ಜೇಡಿಮಣ್ಣಿನ ಕೆಲಸ ಕಲಿಸಬಲ್ಲ ಕಲಾವಿದರಿಗೆ ಈ ಊರಿನಲ್ಲಿ ಕೊರತೆಯಿಲ್ಲ, ಅವರಿಗೆ ಗೌರವಧನ ಕೊಡಬೇಕಷ್ಟೆ. ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಸೆಸ್ ಕಟ್ಟುತ್ತಿದ್ದೇವೆ. ಅದರಿಂದ ನಡೆಯುವ ಶಾಖಾ ಗ್ರಂಥಾಲಯಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಥೆ ಹೇಳುವ ಏರ್ಪಾಡಾಗುವಂತೆ ಗ್ರಂಥಾಲಯ ಇಲಾಖೆಯೊಂದಿಗೆ ಮಾತನಾಡಬೇಕು. ಮಕ್ಕಳ ದಸರಾದ ಕೆಲವು ಕಾರ್ಯಕ್ರಮಗಳನ್ನು ಹೊರಬಡಾವಣೆಗಳ ಮೈದಾನಗಳಿಗೂ ತರುವಂತೆ ದಸರಾ ಉಪಸಮಿತಿಗೆ ತಾವು ಶಿಫಾರಸು ಮಾಡಿದರೆ ನಾವು ಋಣಿಗಳಾಗಿರುತ್ತೇವೆ.

ಇವೆಲ್ಲವೂ ಒಂದೇ ವರ್ಷದಲ್ಲಿ ಆಗಬೇಕೆಂದು ನಾವು ಹಟ ಹಿಡಿಯುತ್ತಿಲ್ಲ. ತಿಂಗಳ ಪಟ್ಟಿ ಮತ್ತು ಉದ್ಯಾನದ ಆಟದ ಜಾಗ, ಇವೆರಡನ್ನು ಬರುವ ಬೇಸಿಗೆ ರಜೆಗೆ ಮೊದಲು ನಮ್ಮ ವಾರ್ಡಿನಲ್ಲೇ ಪ್ರಾಯೋಗಿಕವಾಗಿ ಆರಂಭಿಸಬೇಕೆಂದು ಕೋರುತ್ತೇವೆ. ಪಟ್ಟಿಗೆ ಬೇಕಾದ ಸಮಯ, ದರ, ಬಸ್ಸಿನ ವಿವರಗಳನ್ನು ಸ್ಥಳಗಳಿಗೇ ಹೋಗಿ ಬರೆದುಕೊಂಡು ಬಂದು ಮೊದಲ ಮೂರು ತಿಂಗಳು ಪಾಲಿಕೆಗೆ ಒಪ್ಪಿಸುವ ಹೊಣೆಯನ್ನು ಪೋಷಕರಾದ ನಾವು ಹೊರುತ್ತೇವೆ. ಈ ಬಗ್ಗೆ ತೋಟಗಾರಿಕೆ, ಆರೋಗ್ಯ ಮತ್ತು ಎಂಜಿನಿಯರಿಂಗ್ ವಿಭಾಗಗಳ ಅಧಿಕಾರಿಗಳ ಸಮ್ಮುಖದಲ್ಲಿ ಒಂದು ಸಭೆ ಕರೆಯಬೇಕಾಗಿಯೂ, ಮಕ್ಕಳೂ ಬಂದು ತಮಗೆ ಬೇಕಾದದ್ದನ್ನು ಹೇಳಿಕೊಳ್ಳಲು ಅನುಕೂಲವಾಗುವಂತೆ ಅದನ್ನು ಶನಿವಾರ ಮಧ್ಯಾಹ್ನದ ನಂತರ ಇಟ್ಟುಕೊಳ್ಳಬೇಕಾಗಿಯೂ ವಿನಂತಿಸುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು ಮತ್ತು ಪೋಷಕರು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)

ಸ್ಥಳ: ಮೈಸೂರು