150 ವೋಲ್ಟ್‌ಗೆ ನಿಲ್ಲಿಸಬೇಕಾದ್ದು ಯಾಕೆ

ನ್ಯೂ ಹೇವನ್, ಕನೆಕ್ಟಿಕಟ್

ಚಿ. ವಿದ್ಯಾಗೆ ಅಕ್ಕನ ಆಶೀರ್ವಾದಗಳು. ಅಪ್ಪ, ಅಮ್ಮ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ಎಲ್ಲರೂ ಕ್ಷೇಮ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ, ಮೇಲಿನವರು ಹೇಳಿದರೆಂದು ಜನ ಇನ್ನೊಬ್ಬರಿಗೆ ಎಷ್ಟರ ಮಟ್ಟಿಗೆ ಶಾಕ್ ಕೊಡುತ್ತಾರೆ ಎಂದು ನೋಡಿದ ಮಿಲ್‌ಗ್ರಾಂ ಪ್ರಯೋಗವನ್ನೇ ನಿಮ್ಮ ಕಾಲೇಜಿನ ಜೂನಿಯರ್‌ಗಳ ಮೇಲೆ ಮಾಡಿ ನೋಡುತ್ತೇನೆ, ಶಾಕ್ ಹೇಗೂ ಸುಳ್ಳು, ಯಾರಿಗೇನು ತೊಂದರೆ ಎಂದು ಬರೆದಿದ್ದೀಯ. ತೊಂದರೆ ಆಗುವುದು ಶಾಕ್ ತಿನ್ನುವಂತೆ ನಟಿಸುವವನಿಗಲ್ಲ, ಸ್ವಿಚ್ ಒತ್ತುವವನಿಗೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕೊನೆಯ ಸ್ವಿಚ್‌ವರೆಗೆ ಹೋದವರು ಶೇ. 65 ಎಂದು ಪಠ್ಯಪುಸ್ತಕದಲ್ಲಿ ಬರುವ ಅಂಕಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ಕೋಣೆಯಲ್ಲಿ ಏನೇನನ್ನು ಹೇಗೆ ಜೋಡಿಸಿದ್ದರು ಎಂಬುದನ್ನು ನೋಡು.

ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಈ ಪ್ರಯೋಗ ನಡೆಸಿದ್ದು ಇದೇ ಊರಿನ ಯೇಲ್ ವಿಶ್ವವಿದ್ಯಾಲಯದಲ್ಲಿ, 1961ರ ಆಗಸ್ಟ್‌ನಿಂದ 1962ರ ಮೇವರೆಗೆ. ಯಹೂದಿಗಳ ಹತ್ಯಾಕಾಂಡದಲ್ಲಿ ಆಜ್ಞೆ ಪಾಲಿಸಿದೆನಷ್ಟೇ ಎಂದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ಜೆರೂಸಲೇಮಿನಲ್ಲಿ ನಡೆಯುತ್ತಿದ್ದ ಕಾಲ ಅದು. ನೆನಪಿನ ಶಕ್ತಿಯ ಅಧ್ಯಯನವೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಒಂದು ಗಂಟೆಗೆ 4 ಡಾಲರ್, ಬಸ್ ಖರ್ಚಿಗೆ 50 ಸೆಂಟ್ ಎಂದು 20ರಿಂದ 50 ವಯಸ್ಸಿನವರನ್ನು ಕರೆದರು. ಬಂದವನು ಚೀಟಿ ಎತ್ತುತ್ತಿದ್ದ. ಎರಡೂ ಚೀಟಿಯಲ್ಲಿ 'ಶಿಕ್ಷಕ' ಎಂದೇ ಬರೆದಿತ್ತು, ಹಾಗಾಗಿ 'ಕಲಿಯುವವ' ಯಾವಾಗಲೂ ಮಿಲ್‌ಗ್ರಾಂ ಕಡೆಯ ಆಳೇ. ಆತ 47 ವರ್ಷದ, ನೋಡಿದರೆ ಸಾಧು ಎನಿಸುವ ಅಕೌಂಟೆಂಟ್. ಬೂದು ಕೋಟು ತೊಟ್ಟು ಪ್ರಯೋಗಕಾರನಾಗಿ ನಿಂತವನು 31 ವರ್ಷದ ಹೈಸ್ಕೂಲ್ ಜೀವಶಾಸ್ತ್ರದ ಮೇಷ್ಟ್ರು.

ಯಂತ್ರದಲ್ಲಿ 30 ಸ್ವಿಚ್. 15 ವೋಲ್ಟ್‌ನಿಂದ ಶುರುವಾಗಿ ಹದಿನೈದು ಹದಿನೈದಾಗಿ ಏರಿ 450ಕ್ಕೆ ಮುಗಿಯುತ್ತದೆ. ಕೆಳಗೆ 'ಸೌಮ್ಯ ಶಾಕ್' ಎಂಬ ಬರಹದಿಂದ 'ಅಪಾಯ: ತೀವ್ರ ಶಾಕ್'ವರೆಗೆ ಹೋಗಿ, ಕೊನೆಯ ಎರಡು ಸ್ವಿಚ್‌ಗಳಿಗೆ ಬರೀ ಮೂರು ಎಕ್ಸ್ ಗುರುತು. ಯಂತ್ರ ನಿಜವೆಂದು ನಂಬಿಸಲು ಶಿಕ್ಷಕನಿಗೆ ಮೊದಲೇ 45 ವೋಲ್ಟ್‌ನ ಒಂದು ನಿಜವಾದ ಶಾಕ್ ಕೊಡುತ್ತಿದ್ದರು. ಶಿಕ್ಷಕ ಪದಗಳ ಜೋಡಿ ಓದಬೇಕು, ಪಕ್ಕದ ಕೋಣೆಯಲ್ಲಿ ಕೂತ ಕಲಿಯುವವನ ಉತ್ತರ ತಪ್ಪಾದರೆ ಒಂದು ಸ್ವಿಚ್, ಮುಂದಿನ ತಪ್ಪಿಗೆ ಅದರ ಮೇಲಿನದು. ಈ ಹದಿನೈದು ವೋಲ್ಟ್‌ನ ಮೆಟ್ಟಿಲೇ ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಜೀವಾಳ. 135 ಒತ್ತಿದವನಿಗೆ 150 ಯಾಕೆ ಬೇಡ ಎಂದು ತನಗೆ ತಾನೇ ಹೇಳಿಕೊಳ್ಳಲು ಕಾರಣ ಸಿಗುವುದಿಲ್ಲ. ಬೇಡವೆಂದರೆ ಈವರೆಗೆ ಒತ್ತಿದ್ದೆಲ್ಲ ತಪ್ಪೆಂದು ಒಪ್ಪಿಕೊಂಡಂತೆ. ಇನ್ನೊಂದು ನಿಯಮವನ್ನೂ ಗಮನಿಸು: ಕಲಿಯುವವ ಸುಮ್ಮನಾದರೆ 5ರಿಂದ 10 ಸೆಕೆಂಡ್ ಕಾದು, ಅದನ್ನೂ ತಪ್ಪು ಉತ್ತರವೆಂದೇ ಎಣಿಸಬೇಕು. ಪ್ರಜ್ಞೆ ತಪ್ಪಿ ಬಿದ್ದಿರಬಹುದಾದವನಿಗೂ ಶಾಕ್ ನಿಲ್ಲದ ಹಾಗೆ ಅವರು ದಾರಿ ಮಾಡಿದ್ದು ಹೀಗೆ.

ಶಿಕ್ಷಕ ಹಿಂಜರಿದರೆ ಪ್ರಯೋಗಕಾರ ನಾಲ್ಕು ಮಾತನ್ನು ಇದೇ ಕ್ರಮದಲ್ಲಿ ಹೇಳಬೇಕಿತ್ತು: ದಯವಿಟ್ಟು ಮುಂದುವರಿಸಿ. ನೀವು ಮುಂದುವರಿಸುವುದು ಪ್ರಯೋಗಕ್ಕೆ ಬೇಕು. ನೀವು ಮುಂದುವರಿಸಲೇಬೇಕಾದ್ದು ಅತ್ಯಗತ್ಯ. ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು. ನಾಲ್ಕಕ್ಕೂ ಒಪ್ಪದಿದ್ದರೆ ಅಲ್ಲಿಗೆ ಮುಕ್ತಾಯ.

1963ರಲ್ಲಿ ಪ್ರಕಟವಾದ ಮೊದಲ ಲೇಖನದಲ್ಲಿ 40 ಜನರಲ್ಲಿ 26 ಜನ 450 ಮುಟ್ಟಿದ್ದರು. 300ಕ್ಕಿಂತ ಮುಂಚೆ ನಿಲ್ಲಿಸಿದವರು ಯಾರೂ ಇಲ್ಲ. ಅದೇ ಲೇಖನದಲ್ಲಿರುವ ಇನ್ನೊಂದು ವಿಷಯ ತರಗತಿಯಲ್ಲಿ ಯಾರೂ ಹೇಳುವುದಿಲ್ಲ: ಬೆವರಿದರು, ನಡುಗಿದರು, ತೊದಲಿದರು, 14 ಜನ ತಡೆಯಲಾರದೆ ವಿಚಿತ್ರವಾಗಿ ನಕ್ಕರು, ಮೂವರಿಗೆ ಹತೋಟಿ ಮೀರಿದ ಸೆಳವು ಬಂತು. ನಿನ್ನ ಜೂನಿಯರ್‌ಗಳಲ್ಲಿ ಒಬ್ಬರಿಗೆ ಹಾಗಾದರೆ ಆ ಕ್ಷಣ ನಿನ್ನ ಕೈಯಲ್ಲಿ ಏನಿರುತ್ತದೆ?

ಮನುಷ್ಯನ ಸ್ವಭಾವವೇ ವಿಧೇಯತೆ ಎಂಬ ತೀರ್ಮಾನಕ್ಕೂ ಈ ಪ್ರಯೋಗಗಳು ಎಡೆಕೊಡುವುದಿಲ್ಲ. ಕೋಣೆಯ ಜೋಡಣೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕಲಿಯುವವನನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಕೊನೆಯವರೆಗೆ ಹೋದವರು ಶೇ. 40, ಅವನ ಕೈಯನ್ನು ತಾವೇ ಹಿಡಿದು ಶಾಕ್ ಕೊಡುವ ತಗಡಿನ ಮೇಲೆ ಒತ್ತಬೇಕಾದಾಗ ಶೇ. 30. ಜೊತೆಗಿದ್ದ ಇಬ್ಬರು 'ಶಿಕ್ಷಕರು' ಎದ್ದು ನಿಂತು ನಿರಾಕರಿಸಿದಾಗ ಶೇ. 10. ಸ್ವಿಚ್ಚನ್ನು ಬೇರೊಬ್ಬ ಒತ್ತಿ ಇವರು ಬರೀ ಪ್ರಶ್ನೆ ಓದುವ ಕೆಲಸ ಮಾಡಿದಾಗ ಮಾತ್ರ 40ರಲ್ಲಿ 37 ಜನ ಕೊನೆಯವರೆಗೆ ಕೂತರು. ಕಚೇರಿಗಳಲ್ಲಿ ಅನ್ಯಾಯ ನಡೆಯುವ ಬಗೆಗೆ ಇದೇ ಹೆಚ್ಚು ಹತ್ತಿರ ಅನ್ನುವುದು ನನ್ನ ಅಭಿಪ್ರಾಯ.

ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ 1964ರಲ್ಲೇ ಬರೆದ ಆಕ್ಷೇಪಣೆಯನ್ನು ಮೊದಲು ಓದು: ಲ್ಯಾಬಿಗೆ ನಂಬಿ ಬಂದವನು ಅಲ್ಲಿ ಹೇಳಿದ್ದನ್ನು ಕೇಳುವುದು ಸಹಜ, ಆ ನಂಬಿಕೆಯನ್ನೇ ಬಳಸಿಕೊಂಡು ಅವನನ್ನು ಹಿಂಸೆಗೆ ಒಡ್ಡಿದ್ದು ಸರಿಯಲ್ಲ ಎಂಬುದು ಆಕೆಯ ವಾದ. ಮಿಲ್‌ಗ್ರಾಂ ಅದೇ ವರ್ಷ ಉತ್ತರ ಕೊಟ್ಟರು. ನಂತರದ ಪ್ರಶ್ನಾವಳಿಯಲ್ಲಿ ಶೇ. 84 ಜನ ಭಾಗವಹಿಸಿದ್ದಕ್ಕೆ ಸಂತೋಷವೆಂದಿದ್ದಾರೆ ಎಂಬುದು ಅವರ ಸಮರ್ಥನೆ. ನಾನು ಬೌಮ್ರಿಂಡ್ ಕಡೆ. ಆಮೇಲೆ ಸಂತೋಷವೆಂದರು ಎಂಬುದು ಮೊದಲೇ ಪಡೆಯದ ಒಪ್ಪಿಗೆಗೆ ಬದಲಿಯಾಗುವುದಿಲ್ಲ. ಅದೂ ಅಲ್ಲದೆ ಲೇಖಕಿ ಜೀನಾ ಪೆರಿ ಯೇಲ್‌ನ ದಾಖಲೆಗಳನ್ನು ತೆಗೆದು ನೋಡಿದಾಗ, ಶಾಕ್ ಸುಳ್ಳೆಂಬ ನಿಜ ಎಷ್ಟೋ ಜನರಿಗೆ ಅಂದೇ ತಿಳಿದಿರಲಿಲ್ಲ, ತಿಂಗಳುಗಳ ನಂತರ ಅಂಚೆಯಲ್ಲಿ ಬಂದ ವರದಿಯಿಂದ ತಿಳಿಯಿತು ಎಂದು ಗೊತ್ತಾಯಿತು. ಅಷ್ಟೂ ಕಾಲ ಅವರು ಒಬ್ಬನಿಗೆ ಹಿಂಸೆ ಕೊಟ್ಟೆವೆಂದುಕೊಂಡೇ ಬದುಕಿದ್ದರು.

ಇದನ್ನು ಮತ್ತೆ ಮಾಡಲು ಸಾಧ್ಯವೇ ಎಂದರೆ, ಸಾಂತಾ ಕ್ಲಾರಾ ವಿಶ್ವವಿದ್ಯಾಲಯದ ಜೆರ್ರಿ ಬರ್ಗರ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ನೋಡು. ಅವರು 150ಕ್ಕೇ ನಿಲ್ಲಿಸಿದರು. ಕಾರಣ ಹಳೆಯ ಅಂಕಿಗಳಲ್ಲೇ ಇತ್ತು: ಮೊದಲ ಲೇಖನದ್ದಲ್ಲದ, ಮಿಲ್‌ಗ್ರಾಂ ಆಮೇಲೆ 40 ಜನರ ಮೇಲೆ ನಡೆಸಿದ ಇನ್ನೊಂದು ಬಗೆಯ ಪ್ರಯೋಗದಲ್ಲಿ ಕಲಿಯುವವ ಹೃದಯದ ತೊಂದರೆ ಹೇಳಿ, ನನ್ನನ್ನು ಬಿಡಿ ಎಂದು ಮೊದಲ ಸಲ ಕೂಗುವುದು 150ರಲ್ಲಿ, ಅದನ್ನು ದಾಟಿದ 33 ಜನರಲ್ಲಿ 26 ಜನ 450ರವರೆಗೂ ಹೋಗಿದ್ದರು. ಅಂದರೆ ತಿಳಿಯಬೇಕಾದ್ದು ಬಹುಪಾಲು ಅಲ್ಲೇ ತಿಳಿಯುತ್ತದೆ, ಉಳಿದದ್ದು ಬರೀ ಯಾತನೆ. ಕಾಲೇಜಿನಲ್ಲಿ ಎರಡಕ್ಕಿಂತ ಹೆಚ್ಚು ಮನೋವಿಜ್ಞಾನ ಕೋರ್ಸ್ ಓದಿದವರನ್ನು ಮೊದಲೇ ಬಿಟ್ಟರು. ಎರಡನೇ ಸುತ್ತಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬೊಬ್ಬರನ್ನೇ ಮಾತನಾಡಿಸಿ ನೂರಕ್ಕೆ 38 ಜನರನ್ನು ಹೊರಗಿಟ್ಟರು. ಯಾವಾಗ ಬೇಕಾದರೂ ಎದ್ದು ಹೋಗಬಹುದು, 50 ಡಾಲರ್ ನಿಮ್ಮದೇ ಎಂದು ಮೂರು ಸಲ ಹೇಳಿದರು. ಮಾದರಿ ಶಾಕ್ 15 ವೋಲ್ಟ್. ಪ್ರಯೋಗಕಾರನಾಗಿ ನಿಂತವನೂ ಕ್ಲಿನಿಕಲ್ ಸೈಕಾಲಜಿಸ್ಟೇ, ಯಾರಾದರೂ ತೀರಾ ಕಂಗೆಟ್ಟರೆ ತಕ್ಷಣ ನಿಲ್ಲಿಸಬೇಕೆಂದು ಅವನಿಗೆ ತಾಕೀತು. ಮುಗಿದ ಕೆಲವೇ ಸೆಕೆಂಡುಗಳಲ್ಲಿ ನಿಜ ಹೇಳಿ, ಕಲಿಯುವವನನ್ನು ಕರೆತಂದು ತೋರಿಸಿದರು. ಇಷ್ಟು ಮಾಡಿಯೂ 40ರಲ್ಲಿ 28 ಜನ 150 ದಾಟಲು ಸಿದ್ಧರಿದ್ದರು. 'ಬೇರೆ ದಾರಿಯೇ ಇಲ್ಲ' ಎಂಬ ನಾಲ್ಕನೇ ಮಾತು ಕೇಳಿದ ಮೇಲೆ ಮುಂದುವರಿಸಿದವರು ಮಾತ್ರ ಒಬ್ಬರೂ ಇಲ್ಲ. ಖಡಕ್ ಆಜ್ಞೆಗೆ ಬಗ್ಗದವರು ವಿಜ್ಞಾನಕ್ಕೆ ಬೇಕು ಎಂದರೆ ಬಗ್ಗುತ್ತಾರೆ. ಇದರ ಮೇಲೆ ಮನೋವಿಜ್ಞಾನಿಗಳಾದ ಹ್ಯಾಸ್ಲಮ್, ರೈಷರ್ ಬರೆದದ್ದನ್ನು ಹುಡುಕಿ ಓದು.

ಬರ್ಗರ್ ಮಾಡಿದ ಏರ್ಪಾಡು ಎಂ.ಎಸ್ಸಿ. ವಿದ್ಯಾರ್ಥಿಗೆ ಆಗುವ ಮಾತಲ್ಲ. ಅದರ ಮೇಲೆ ಜೂನಿಯರ್‌ಗಳೆಂದರೆ ಇನ್ನೂ ಕಷ್ಟ. ಮೇಡಂ ಹೇಳಿದ್ದಾರೆ, ಇಂಟರ್ನಲ್ ಮಾರ್ಕ್ಸ್ ಅವರ ಕೈಲಿದೆ ಎಂದು ಬಂದು ಕೂತವರು ಬರುವಾಗಲೇ ವಿಧೇಯರು. ಅವರಲ್ಲಿ ನೀನು ಅಳೆಯುವುದೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಇಂಥ ಅಧೀನದಲ್ಲಿರುವ ವಿದ್ಯಾರ್ಥಿಗಳಿಗೆ ವಿಶೇಷ ರಕ್ಷಣೆ ಬೇಕೆನ್ನುತ್ತದೆ, ಎಥಿಕ್ಸ್ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಆಗಿರಬೇಕೆನ್ನುತ್ತದೆ.

ಹೀಗೆ ಮಾಡು. ಫಲಿತಾಂಶ ಹೇಳದೆ ಮಿಲ್‌ಗ್ರಾಂ 40 ಮನೋವೈದ್ಯರನ್ನು ಕೇಳಿದಾಗ, ಕೊನೆಯವರೆಗೆ ಹೋಗುವವರು ಸಾವಿರಕ್ಕೆ ಒಬ್ಬರಿರಬಹುದು ಎಂದಿದ್ದರು. ನೀನು ಆ ಊಹೆಯನ್ನೇ ಅಧ್ಯಯನ ಮಾಡು. ಕೋಣೆಯ ವಿವರವನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಒಂದು ಗುಂಪಿಗೆ 'ನೀವು ಎಲ್ಲಿ ನಿಲ್ಲಿಸುತ್ತೀರಿ', ಇನ್ನೊಂದಕ್ಕೆ 'ಬೇರೆಯವರು ಎಲ್ಲಿ ನಿಲ್ಲಿಸುತ್ತಾರೆ' ಎಂದು ಕೇಳು. ಯಾರಿಗೂ ಸುಳ್ಳು ಹೇಳಬೇಕಿಲ್ಲ. ಈ ಪ್ರಯೋಗದ ಬಗ್ಗೆ ಮೊದಲೇ ಕೇಳಿದ್ದೀರಾ ಎಂಬ ಪ್ರಶ್ನೆ ಕೊನೆಯಲ್ಲಿರಲಿ, ಮೊದಲಿಟ್ಟರೆ ಉತ್ತರ ಕೆಡುತ್ತದೆ. ಕಾಮರ್ಸ್, ಎಂಜಿನಿಯರಿಂಗ್‌ನವರನ್ನು ಆರಿಸು, ಹಾಳೆಯನ್ನು ಹೆಸರಿಲ್ಲದೆ ಪೆಟ್ಟಿಗೆಗೆ ಹಾಕಿಸು, ನಿಮ್ಮ ಮೇಡಂ ಆ ಹೊತ್ತಿಗೆ ಕೋಣೆಯಲ್ಲಿ ಇರಬಾರದು.

ಒಪ್ಪಿಗೆ ಪತ್ರದ ಕರಡನ್ನು ಮೊದಲು ಬರೆದು ಕಳಿಸು, ಪ್ರಶ್ನೆಗಳನ್ನು ಆಮೇಲೆ ನೋಡೋಣ. ಅಮ್ಮನ ಮಂಡಿ ನೋವಿಗೆ ಡಾಕ್ಟರು ಏನೆಂದರೆಂದೂ ಬರಿ.

ಇಂತಿ ನಿನ್ನ,
ಅಕ್ಕ