ಕೊನೆಯ ಫಾರಂನ ನಾಲ್ಕು ಪುಟ

ಪ್ರೀತಿಯ ಮಾರಾಯ,

ಅಣ್ಣನ ಪುಸ್ತಕ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ, ಅಚ್ಚಿಗೆ ಹೋಗೋದೊಂದು ಬಾಕಿ. ದಾರದ ಹೊಲಿಗೆ, ಕ್ಯಾಲಿಕೊ ಬಟ್ಟೆಯ ರಟ್ಟು, ಬೆನ್ನ ಮೇಲೆ ಬಂಗಾರದ ಅಕ್ಷರದಲ್ಲಿ ಅವನ ಹೆಸರು. ಬರೀ ಅಂಟು ಹಾಕಿದ ಬೈಂಡಿಂಗ್ ಬೇಡವೇ ಬೇಡ ಅಂತ ಅಮ್ಮನ ಹಟ. ಹಾಳೆ ಉದುರುವ ಪುಸ್ತಕ ಅವನ ಹೆಸರಲ್ಲಿ ಬರಬಾರದಂತೆ. ವೈಕುಂಠ ಸಮಾರಾಧನೆಗೆ ಸ್ತೋತ್ರದ ಪುಸ್ತಕ ಮಾಡಿಸಿ, ಒಳಗೆ ಫೋಟೊ ಹಾಕಿ ಹಂಚೋದು ರೂಢಿ. ಅವತ್ತು ನಮ್ಮ ಯಾರ ಕೈಲೂ ಅದು ಆಗಲಿಲ್ಲ. ಅದಕ್ಕೇ ವರ್ಷಾಂತಿಕಕ್ಕೆ ಅವನ ಪತ್ರಗಳನ್ನೇ ಸೇರಿಸಿ, ಮನೆಯವರಿಗೆ ಮತ್ತೆ ನಿನ್ನಂಥವರಿಗೆ ಮಾತ್ರ ಅಂತ ಶುರುಮಾಡಿದ್ದು. ಮೊಸರವಲಕ್ಕಿ ಪ್ರಕರಣವೂ ಇದೆ, ಒಂದಕ್ಷರ ಬಿಟ್ಟಿಲ್ಲ.

ಈ ಕೆಲಸದ ನಡುವೆ ಇಂಥದ್ದೇ ಇನ್ನೊಂದು ಪುಸ್ತಕದ ವಿಷಯ ತಲೆಗೆ ಹೊಕ್ಕು ಕೂತಿದೆ. ಇಂಗ್ಲೆಂಡಿನ ಲೇಡಿ ಡೆಸ್‌ಬರೊ ಮಾಡಿಸಿದ್ದು. ಮೊದಲ ಮಹಾಯುದ್ಧದಲ್ಲಿ, 1915ರ ಮೇ 26ಕ್ಕೆ, ಹಿರಿಮಗ ಜೂಲಿಯನ್ ಗ್ರೆನ್‌ಫೆಲ್ ಫ್ರಾನ್ಸಿನ ಬೂಲೋನ್‌ನಲ್ಲಿ ತೀರಿಕೊಂಡ, ತಲೆಗೆ ಶೆಲ್ಲಿನ ಚೂರು ಹೊಕ್ಕು. ತಾಯಿ ಪಕ್ಕದಲ್ಲೇ ಇದ್ದಳು. ಜುಲೈ 30ಕ್ಕೆ ಎರಡನೆಯವನು ಬಿಲ್ಲಿ, ಬೆಲ್ಜಿಯಂನ ಹೂಗ್‌ನಲ್ಲಿ. ಅವನ ದೇಹವೂ ಸಿಗಲಿಲ್ಲ. ಮರುವರ್ಷ, 1916ರಲ್ಲಿ, ಆಕೆ ಮಕ್ಕಳ ಪತ್ರ, ದಿನಚರಿ, ಬಾಲ್ಯದ ಮಾತುಗಳನ್ನೆಲ್ಲ ಜೋಡಿಸಿ ಖಾಸಗಿಯಾಗಿ ಅಚ್ಚು ಹಾಕಿಸಿದಳು: ‘ಪೇಜಸ್ ಫ್ರಮ್ ಎ ಫ್ಯಾಮಿಲಿ ಜರ್ನಲ್’. ಜೂಲಿಯನ್ ಹುಟ್ಟಿದ 1888ರಿಂದ 1915ರವರೆಗೆ. ಅಂಗಡಿಯಲ್ಲಿ ಮಾರೋದಕ್ಕಲ್ಲ, ಹತ್ತಿರದವರಿಗೆ. 1910ರಲ್ಲಿ ಸೈನ್ಯ ಸೇರಿದ ಜೂಲಿಯನ್ ನಮ್ಮ ಮಥುರೆಯಲ್ಲೂ ಇದ್ದವನು, ಗೊತ್ತಾ?

ಒಂದೇ ಬೇಸಿಗೆಯಲ್ಲಿ ಇಬ್ಬರನ್ನು ಕಳಕೊಂಡವಳು ಆ ಕಾಗದಗಳನ್ನು ಹೇಗೆ ಮುಟ್ಟಿದಳೋ. ನನಗೆ ಒಂದೊಂದು ಇನ್‌ಲ್ಯಾಂಡ್ ಬಿಡಿಸುವಾಗಲೂ ಕೈ ನಡುಗುತ್ತೆ.

ಆದರೆ ಜೂಲಿಯನ್ ಆಕ್ಸ್‌ಫರ್ಡ್‌ನಲ್ಲಿದ್ದಾಗ ತಾಯಿಯ ಬಳಗದ ಬದುಕಿನ ರೀತಿಯನ್ನೇ ಪ್ರಶ್ನಿಸಿ ಪ್ರಬಂಧಗಳನ್ನು ಬರೆದಿದ್ದ. ಅವು ಅವರಿಗೆ ಹಿಡಿಸಲಿಲ್ಲ. ಹುಡುಗ ಖಿನ್ನತೆಗೆ ಬಿದ್ದ. ತಾಯಿ ಮಗನ ಆ ತಿಕ್ಕಾಟ ಎಷ್ಟು ಆಳದ್ದು ಅಂತ ಹೊರಗಿನವರಿಗೆ ಸರಿಯಾಗಿ ತಿಳಿದದ್ದು 1976ರಲ್ಲಿ, ನಿಕೊಲಸ್ ಮೋಸ್ಲಿ ಜೂಲಿಯನ್‌ನ ಜೀವನಚರಿತ್ರೆ ಬರೆದ ಮೇಲೆ. ನಾನು ಆ ತಾಯಿಯನ್ನು ದೂರಲಾರೆ. ಅವಳಿಗೆ ನಗುವ ಮಗ ಬೇಕಿತ್ತು. ಆದರೂ ಎದುರು ನಿಂತು ವಾದಿಸಿದ ಆ ಹುಡುಗನ ಮೇಲೆ ನನಗೆ ತುಂಬಾ ಪ್ರೀತಿ ಹುಟ್ಟಿದೆ.

ಈಗ ನಮ್ಮದು. ಒಂದು ಫಾರಂಗೆ, ಅಂದರೆ ಒಟ್ಟಿಗೆ ಅಚ್ಚು ಹಾಕಿ ಮಡಚುವ ದೊಡ್ಡ ಹಾಳೆಗೆ, 16 ಪುಟ. ಎಲ್ಲ ಜೋಡಿಸಿದ ಮೇಲೆ ಕೊನೆಯ ಫಾರಂನಲ್ಲಿ ನಾಲ್ಕು ಪುಟ ಮಿಕ್ಕಿದೆ. ಪ್ರೆಸ್ಸಿನವರು ‘ಒಂದು ಸ್ತೋತ್ರ ಕೊಡಿ, ತುಂಬಿಸಿಬಿಡೋಣ’ ಅಂದರು. ನನ್ನ ಹತ್ತಿರ ಸರಿಯಾಗಿ ಅಷ್ಟೇ ಉದ್ದದ ಒಂದು ಪತ್ರ ಇದೆ. ಅಪ್ಪನ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲಿ ಅಣ್ಣ ನನಗೆ ಬರೆದದ್ದು. ‘ಅವರು ಕರೆಯೋವರೆಗೆ ಮನೆಗೆ ಬರಲ್ಲ’ ಅಂತಿದೆ. ಅಪ್ಪ ಕರೆಯಲಿಲ್ಲ. ಅಪ್ಪ ಹೋದ ಮೇಲೇ ಅವನು ಬಂದದ್ದು, ನಿನಗೆ ಗೊತ್ತು. ಆ ಪತ್ರ ಇರೋದು ಮಾತ್ರ ಅಮ್ಮನಿಗೆ ಗೊತ್ತಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ ಕಣೋ, ಈಗ ಊರಿಗೆಲ್ಲ ಹೇಳಿದ ಹಾಗಾಯ್ತು. ಇರಲಿ.

ಉಳಿದ ಪತ್ರಗಳಲ್ಲೆಲ್ಲ ಅಣ್ಣ ಒಳ್ಳೆಯ ಮಗ. ಹಣ ಕಳಿಸಿದೆ, ಮಳೆ ಹೇಗಿದೆ, ಅಡಿಕೆಗೆ ಔಷಧಿ ಹೊಡೆದಾಯ್ತಾ. ನನಗೆ ಬೇಕಾದವನು ಈ ನಾಲ್ಕು ಪುಟದಲ್ಲಿದ್ದಾನೆ. ಸಿಟ್ಟಿನಲ್ಲಿ ಬರೆಯುತ್ತಾ ಬರೆಯುತ್ತಾ, ಕೊನೆಯಲ್ಲಿ ‘ಅಪ್ಪಂಗೆ ಕಣ್ಣಿನ ಆಪರೇಷನ್ ಆಯ್ತಾ, ನಾ ಕೇಳಿದೆ ಅನ್ನಬೇಡ’ ಅಂತ ಅಂಚಿನಲ್ಲಿ ಅಡ್ಡಡ್ಡ ಗೀಚಿದ್ದಾನೆ. ಅವನನ್ನು ಬಿಟ್ಟು ಬಂಗಾರದ ಅಕ್ಷರದ ಪುಸ್ತಕ ಮಾಡಿದರೆ, ಆ ರಟ್ಟಿನ ಒಳಗೆ ಯಾರಿರುತ್ತಾರೆ ಹೇಳು?

ಭಾನುವಾರ ಅಮ್ಮನಿಗೆ ಅದನ್ನು ಓದಿ ಹೇಳುತ್ತೇನೆ. ಬೇಡ ಅಂದರೆ ಹಾಕಲ್ಲ. ಪುಸ್ತಕ ಮೊದಲು ಅವಳದ್ದು.

ನೀನೂ ಬಾ. ಒಬ್ಬನೇ ಓದೋದು ನನ್ನ ಕೈಲಿ ಆಗಲ್ಲ. ಅಪ್ಪೆಹುಳಿ ಇರುತ್ತೆ. ಬರೋವಾಗ ತಾಳಗುಪ್ಪದ ರೈಲಿನ ಫೋಟೊ ತಾ. ಅದರಲ್ಲಿ ನಿನ್ನ ಮೀಸೆ ಹೇಗಿದ್ದರೂ ಸರಿ, ಅಣ್ಣ ಚೆನ್ನಾಗಿ ಬಂದಿದ್ದಾನೆ.

ನಿನ್ನವನೇ