ವಿಜ್ಞಾನದ ಮೇಜಿನ ಮೇಲೆ ದಶಾವತಾರ ಯಾಕೆ?

ಮಾನ್ಯರೇ,

ನಮ್ಮ ಬಡಾವಣೆಯ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ಬಗ್ಗೆ ನಿನ್ನೆ ನೀವು ಹಾಕಿದ ವರದಿ ಓದಿದೆ. ‘ಪರಂಪರೆ, ವಿಜ್ಞಾನದ ಸಂಗಮ’ ಅಂತ ತಲೆಬರಹ ಬೇರೆ. ಫೋಟೊದ ಎಡಗಡೆ ಅರ್ಧಕ್ಕೆ ಕತ್ತರಿಸಿ ಹೋಗಿರುವ ಜೀವವಿಕಾಸದ ಚಾರ್ಟ್ ನನ್ನ ಮಗಳದ್ದು. ಸಂಗಮ ಹೇಗಾಯಿತು ಅಂತ ನಾನೇ ಹೇಳುತ್ತೇನೆ.

ಆ ಚಾರ್ಟಿಗೆ ನಾಲ್ಕು ರಾತ್ರಿ ಕೂತಿದ್ದೇವೆ. ಐಸ್‌ಕ್ರೀಂ ಕಡ್ಡಿ, ಬೆಂಕಿಕಡ್ಡಿ ಅಂಟಿಸಿ ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಮಾಡಿದ್ದಳು. ಮೂರರಲ್ಲೂ ಮೇಲೆ ಒಂದು ಮೂಳೆ, ಆಮೇಲೆ ಎರಡು, ಆಮೇಲೆ ಮಣಿಕಟ್ಟಿನ ಚೂರುಗಳು, ಕೊನೆಗೆ ಬೆರಳು. ಹಿಡಿಯಲು, ಹಾರಲು, ಈಜಲು ಒಂದೇ ಜೋಡಣೆ ಯಾಕೆ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮೂರೂ ಒಂದೇ ಪೂರ್ವಜರಿಂದ ವಿಕಾಸವಾಗಿ ಬಂದವು ಅನ್ನುವುದೇ ಅದಕ್ಕೆ ಉತ್ತರ. ನಮ್ಮ ಊಟದ ಮೇಜಿಗೆ ಮೆತ್ತಿದ ಫೆವಿಕಾಲ್ ಇನ್ನೂ ಹೋಗಿಲ್ಲ. ಚಾರ್ಟು ಮಡಚಬಾರದು ಅಂತ ಆಟೊದವನಿಗೆ ಡಬಲ್ ಕೊಟ್ಟು, ಅರ್ಧ ದಿನ ರಜೆ ಹಾಕಿ ಒಯ್ದೆ. ಹತ್ತಕ್ಕೆ ಬರಬೇಕಿದ್ದ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಅಲ್ಲಿವರೆಗೂ ಮಕ್ಕಳು ಶಾಮಿಯಾನದ ಕೆಳಗೆ ನಿಂತೇ ಇದ್ದವು. ಕುರ್ಚಿಗಳೇನೋ ಇದ್ದವು, ಬಿಳಿ ಬಟ್ಟೆ ಹೊದ್ದುಕೊಂಡು. ಅವುಗಳ ಮೇಲೆ ಕೂರುವಂತಿಲ್ಲ.

ಬಂದ ಅಧಿಕಾರಿಗಳು ಮಗಳ ಮುಂದೆ ನಿಂತು, ‘ಮಂಗನಿಂದ ಮಾನವ ಕಥೆನಾ? ಒಂದೇ ಕಡೆ ಹೇಳಿದ್ರೆ ಹೇಗಮ್ಮ, ಸೃಷ್ಟಿ ವಿಷಯಾನೂ ಇರ್ಲಿ, ಮಕ್ಕಳಿಗೆ ಎರಡೂ ಗೊತ್ತಾಗ್ಲಿ’ ಅಂದರು. ಚಾರ್ಟಿನಲ್ಲಿ ಮಂಗವೇ ಇರಲಿಲ್ಲ! ಹತ್ತು ನಿಮಿಷದಲ್ಲಿ ಆಫೀಸು ರೂಮಿನ ಗಾಜಿನ ಬೀರುವಿನಿಂದ ದಶಾವತಾರದ ಗೊಂಬೆಗಳು ಇಳಿದು ಬಂದವು. ಜಾಗ ಮಾಡುವ ಭರದಲ್ಲಿ ಬಾವಲಿಯ ರೆಕ್ಕೆ ಕಿತ್ತುಹೋಯಿತು. ಬಹುಮಾನ ಅಡುಗೆ ಸೋಡಾದ ಜ್ವಾಲಾಮುಖಿಗೆ. ಪ್ರತಿ ವರ್ಷವೂ ಅದಕ್ಕೇ, ಬಿಡಿ.

ನಾವೂ ದೇವರು ಬಿಟ್ಟವರಲ್ಲ. ದಸರೆಗೆ ನಮ್ಮ ಮನೆಯಲ್ಲೂ ಇದೇ ಹತ್ತು ಗೊಂಬೆ ಕೂರುತ್ತವೆ, ಮೂಗು ಮುಕ್ಕಾದ ಕೂರ್ಮ ನಮ್ಮಜ್ಜಿ ಕಾಲದ್ದು. ವಿಷಯ ಕೇಳಿ ನನಗಿಂತ ಜಾಸ್ತಿ ಸಿಟ್ಟು ಬಂದದ್ದು ನನ್ನ ತಾಯಿಗೆ. ‘ಪೂಜೆ ಮಾಡೋ ದೇವರನ್ನ ಬೆಂಕಿಕಡ್ಡಿ ಪಕ್ಕ ಪರೀಕ್ಷೆಗೆ ನಿಲ್ಲಿಸ್ತಾರೇನೋ?’ ಅಂದರು. ಎರಡೂ ಇರಲೇಬೇಕು ಅಂದರೆ ಮುಂದಿನ ಮೇಜಿನ ಗ್ರಹಣದ ಮಾದರಿ ಪಕ್ಕ ರಾಹು, ಕೇತು ಯಾಕೆ ಇಡಲಿಲ್ಲ? ಅಲ್ಲಿ ಎಲ್ಲರೂ ಸುಮ್ನೆ ಸೆಲ್ಫಿ ತೆಗೆದುಕೊಂಡರು.

ತಪ್ಪು ಆ ಒಬ್ಬರದ್ದಲ್ಲ ಅನ್ನಿ. 2018ರಲ್ಲಿ ಕೇಂದ್ರದ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರೇ ಡಾರ್ವಿನ್ ಹೇಳಿದ್ದು ತಪ್ಪು, ಮಂಗ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ ಅಂದಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದು ಸರಿಯಲ್ಲ ಅಂತ ಹೇಳಿಕೆ ಕೊಡಬೇಕಾಯಿತು. ಅದರಲ್ಲೊಂದು ನಮ್ಮ ಬೆಂಗಳೂರಿನದು. ಆಮೇಲೆ ಕೋವಿಡ್ ಹೆಸರಲ್ಲಿ ಹೊರೆ ಇಳಿಸುತ್ತೇವೆ ಅಂತ ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಪಾಠವನ್ನು ಬರೀ ‘ಅನುವಂಶೀಯತೆ’ ಮಾಡಿತು. ಕೋವಿಡ್ ಹೋಯಿತು, ಪಾಠ ವಾಪಸ್ ಬರಲಿಲ್ಲ. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಪತ್ರ ಬರೆದರು. ಈಗ ವಿಕಾಸ ಇರುವುದು ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ. ಕಾಮರ್ಸ್ ತಗೊಂಡ ಹುಡುಗನಿಗೆ ಅದೂ ಇಲ್ಲ. ಇನ್ನು ‘ಎರಡೂ ಕಡೆ’ ಎಲ್ಲಿಂದ ಬಂತು? ಒಂದು ಕಡೆಯೇ ಪುಸ್ತಕದಲ್ಲಿಲ್ಲ.

ಅಮೆರಿಕದ ಡೋವರ್ ಊರಲ್ಲೂ ಹೀಗೇ ಆಗಿತ್ತು. ಜೀವಿಗಳ ಹಿಂದೆ ಯಾರದೋ ಬುದ್ಧಿವಂತ ಕೈ ಇದೆ ಅನ್ನುವ ವಾದದ ಬಗ್ಗೆ ಒಂದು ಹೇಳಿಕೆಯನ್ನು ಜೀವಶಾಸ್ತ್ರದ ತರಗತಿಯಲ್ಲಿ ಓದಿ ಅಂತ ಶಾಲಾ ಮಂಡಳಿ ಹೇಳಿತು. ವಿಜ್ಞಾನದ ಮೇಷ್ಟ್ರುಗಳು ಓದಲ್ಲ ಅಂದುಬಿಟ್ಟರು. ಹನ್ನೊಂದು ಪೋಷಕರು ಕೋರ್ಟಿಗೆ ಹೋದರು, 2005ರಲ್ಲಿ ಜಡ್ಜ್ ಇದು ವಿಜ್ಞಾನವೇ ಅಲ್ಲ ಅಂದರು. ನಮ್ಮಲ್ಲಿ ಮೇಷ್ಟ್ರು ‘ಆಯ್ತು ಸಾರ್’ ಅಂತ ಗೊಂಬೆ ಹೊತ್ತು ತಂದರು. ಪಾಪ, ಅವರ ಇನ್‌ಕ್ರಿಮೆಂಟಿನ ಫೈಲು ಯಾರ ಟೇಬಲ್ ಮೇಲಿದೆಯೋ.

ಫೈಲು ಅಂದಾಗ ನೆನಪಾಯಿತು. ಹೋದ ವರ್ಷ ಮಗಳ ಟಿ.ಸಿ.ಗೆ ಒಂದು ಸಹಿ ಹಾಕಿಸಲು ನಾಲ್ಕು ಸಲ ಅಲೆದಿದ್ದೇನೆ. ‘ಸಾಹೇಬ್ರು ಫೀಲ್ಡಿಗೆ ಹೋಗಿದ್ದಾರೆ.’ ಯಾವ ಫೀಲ್ಡು ಅಂತ ಈಗ ಗೊತ್ತಾಗುತ್ತಿದೆ. ಶಾಲೆ ಗೇಟಿನ ಮುಂದಿನ ಚರಂಡಿಗೆ ಮಳೆಗಾಲದಿಂದ ಚಪ್ಪಡಿಯಿಲ್ಲ. ಅಧಿಕಾರಿಗಳ ಕಾರು ಅದನ್ನು ಬಳಸಿಕೊಂಡೇ ಒಳಗೆ ಬಂತು. ಅದರ ಬಗ್ಗೆ ಒಂದು ಮಾತಿಲ್ಲ. ನಿಮ್ಮ ವರದಿಯಲ್ಲೂ ಇಲ್ಲ.

ಸಂಬಂಧಪಟ್ಟವರು ಆ ಪಾಠವನ್ನು ವಾಪಸ್ ತರಲಿ, ಚರಂಡಿಗೆ ಚಪ್ಪಡಿಯನ್ನೂ ಹಾಕಿಸಲಿ. ಎರಡೂ ಇರಲಿ ಅಂತ ಅವರೇ ಅಂದದ್ದಲ್ವಾ? ಅದೂ ಆಗದಿದ್ದರೆ, ಹತ್ತು ಗಂಟೆ ಅಂತ ಕಾರ್ಡು ಹಂಚಿದ ಮೇಲೆ ಹತ್ತಕ್ಕೆ ಬರುವುದನ್ನಾದರೂ ಕಲಿಯಲಿ.

— ನೊಂದ ಪೋಷಕ, ಮೈಸೂರು